ಒಂದನೆಯ ತರಗತಿಯ ಮಗುವಿಗೂ ಒಂದು ಹೊಣೆ ಕೊಡಿ: ಉಪನಿರ್ದೇಶಕರಿಗೆ ಬಹಿರಂಗ ಪತ್ರ

ಮಾನ್ಯ ಉಪನಿರ್ದೇಶಕರಿಗೆ,
ಶಾಲಾ ಶಿಕ್ಷಣ ಇಲಾಖೆ, ಉಡುಪಿ ಜಿಲ್ಲೆ

ಮಾನ್ಯರೇ,

ಇನ್ನು ಕೆಲವೇ ದಿನಗಳಲ್ಲಿ ಶಾಲೆಗಳು ಬಾಗಿಲು ತೆರೆಯುತ್ತವೆ, ಹಿಂದೆಯೇ ಮಳೆಯೂ ಹಿಡಿಯುತ್ತದೆ. ಜೂನ್ ತಿಂಗಳೆಂದರೆ ನಮ್ಮ ಶಾಲೆಗಳಲ್ಲಿ ಮಕ್ಕಳೇ ತಮ್ಮ ನಾಯಕರನ್ನು, ಮಂತ್ರಿಗಳನ್ನು ಆರಿಸುವ ಶಾಲಾ ಸಂಸತ್ತಿನ ಚುನಾವಣೆಯ ಕಾಲ. ನಾಮಪತ್ರ, ಪ್ರಚಾರ, ಬೆರಳಿಗೆ ಶಾಯಿ, ಈಗೀಗ ಮೊಬೈಲಿನಲ್ಲೇ ಮತಯಂತ್ರ, ಕೊನೆಗೆ ಪ್ರಮಾಣವಚನ. ಈ ಸಡಗರ ನನಗೆ ಇಷ್ಟ. ಬಿಡುವಿಲ್ಲದ ಶಿಕ್ಷಕರು ಅದನ್ನು ಮುತುವರ್ಜಿಯಿಂದ ನಡೆಸುವುದನ್ನು ಕಣ್ಣಾರೆ ಕಂಡಿದ್ದೇನೆ. ಈ ಸಲದ ಚುನಾವಣೆಗೆ ಮೊದಲು, ಒಂದನೆಯ ತರಗತಿಯ ಮಕ್ಕಳಿಗೂ ಅದರಲ್ಲಿ ಸ್ಥಾನ ಕೊಡಿ ಎಂದು ತಮ್ಮ ಕಚೇರಿಯಿಂದ ಒಂದು ಸುತ್ತೋಲೆ ಹೊರಡಲಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಮಗಳು ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕಲಿಯುತ್ತಾಳೆ. ಅವಳು ಮೂರನೆಯ ತರಗತಿಯಲ್ಲಿದ್ದಾಗಿನ ಮಾತು. ಶಾಲೆಯ ಜಗಲಿಯಲ್ಲಿ ಕೊಡೆ ತೂಗುಹಾಕಲು ಹೊಡೆದ ಮೊಳೆಗಳು ಏಳನೆಯವರ ಕೈಗೆ ಮಾತ್ರ ಎಟಕುತ್ತಿದ್ದವು. ಸಣ್ಣ ಮಕ್ಕಳ ಕೊಡೆಗಳೆಲ್ಲ ನೆಲದ ಮೇಲೆ ಒದ್ದೆ ರಾಶಿ. ಸಂಜೆ ಗಂಟೆ ಹೊಡೆದ ಕೂಡಲೇ ಎಳೆದಾಟ. ಒಬ್ಬರ ಕೊಡೆ ಇನ್ನೊಬ್ಬರ ಮನೆಗೆ, ಮುರಿದ ಕಡ್ಡಿ ಯಾರ ಪಾಲಿಗೋ. ಅವಳು ಹೋಗಿ ಸ್ವಚ್ಛತಾ ಮಂತ್ರಿಗೆ ಹೇಳಿದಳಂತೆ. 'ನೀನು ಸಣ್ಣವಳು, ಹೋಗು' ಎಂದನಂತೆ ಆತ. ಹುಡುಗನನ್ನು ದೂರುವುದಿಲ್ಲ. ಅವನ ಕೊಡೆ ಮೊಳೆಯಲ್ಲಿ ಸುಖವಾಗಿ ನೇತಾಡುತ್ತಿತ್ತು, ರಾಶಿಯ ಕಷ್ಟ ಅವನಿಗೆ ಕಂಡಿರಲಿಲ್ಲ.

ಮರುದಿನ ಮಗಳು ದನದ ಹಟ್ಟಿಯಿಂದ ಒಂದು ಹಗ್ಗ ಹುಡುಕಿ ಚೀಲಕ್ಕೆ ತುರುಕಿಕೊಂಡು ಹೋದಳು. ಗೆಳತಿಯರನ್ನು ಸೇರಿಸಿ, ಎರಡು ಕಿಟಕಿಗಳ ಸರಳಿಗೆ ತಮ್ಮ ಭುಜದ ಎತ್ತರಕ್ಕೆ ಬಿಗಿದಳು. ಕೊಡೆಯ ಹಿಡಿಗೆ ನೂಲು: ಒಂದನೆಯವರಿಗೆ ಕೆಂಪು, ಎರಡನೆಯವರಿಗೆ ಹಸಿರು, ಮೂರನೆಯವರಿಗೆ ಹಳದಿ. ಆ ಹಗ್ಗ ಮಳೆಗಾಲ ಮುಗಿಯುವವರೆಗೂ ಅಲ್ಲೇ ಇತ್ತು. ಎಂಟು ವರ್ಷದ ಮಗು ತೊಂದರೆಯನ್ನು ಗುರುತಿಸಿತು, ಜನ ಕೂಡಿಸಿತು, ಪರಿಹಾರ ಕಂಡುಕೊಂಡಿತು. ನಾಯಕತ್ವವೆಂದರೆ ಇದಲ್ಲದೆ ಬೇರೇನು? ಆದರೆ ಆ ಶಾಲೆಯ ಮಂತ್ರಿಮಂಡಲ ಆರನೆಯ ಮತ್ತು ಏಳನೆಯ ತರಗತಿಗೆ ಮೀಸಲು. ಐದು ವರ್ಷ ಮಕ್ಕಳು ಮತ ಹಾಕುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಅಷ್ಟೇ.

ಸಣ್ಣವರಿಗೆ ಇದೆಲ್ಲ ತಿಳಿಯದು ಎಂಬ ಮಾತನ್ನು ಸಭೆಗಳಲ್ಲಿ ಬಹಳ ಸಲ ಕೇಳಿದ್ದೇನೆ. ತಮ್ಮ ಇಲಾಖೆಯ ನಲಿಕಲಿಯೇ ಇದಕ್ಕೆ ಉತ್ತರ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ಈ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕುಳಿತು ಕಲಿಯುತ್ತಾರೆ. ಶಿಕ್ಷಕರ ಸಹಾಯದ ಗುಂಪಿರುವಂತೆ ಗೆಳೆಯರ ಸಹಾಯದ ಗುಂಪೂ ಇದೆ. ಅಂದರೆ ಆರೇಳು ವರ್ಷದ ಮಗು ಇನ್ನೊಂದು ಮಗುವಿಗೆ ಕಲಿಸಬಲ್ಲದು ಎಂದು ನಾವು ಈಗಾಗಲೇ ನಂಬಿದ್ದೇವೆ. ಆ ನಂಬಿಕೆ ನಲಿಕಲಿ ಕೋಣೆಯ ಹೊಸ್ತಿಲು ದಾಟುವುದಿಲ್ಲ ಎಂಬುದೇ ನನ್ನ ನೋವು.

ನಮ್ಮ ಊರಿಗೆ ಈ ವಿಷಯ ಹೊಸದೂ ಅಲ್ಲ. ಯಕ್ಷಗಾನದಲ್ಲಿ ಮೊದಲ ವರ್ಷವೇ ಯಾರೂ ಎರಡನೇ ವೇಷದಂಥ ಪ್ರಮುಖ ಪಾತ್ರ ಕಟ್ಟುವುದಿಲ್ಲ. ಕಥೆಗೆ ಮೊದಲು ನಡೆಯುವ ಪೂರ್ವರಂಗದಲ್ಲಿ ಕೋಡಂಗಿಯಾಗಿ ಕುಣಿದು, ಬಾಲಗೋಪಾಲನಾಗಿ, ಮೆಲ್ಲಮೆಲ್ಲನೆ ಮೇಲೇರಬೇಕು. ಹಾಗೆಂದು ಕೋಡಂಗಿಗೆ ರಂಗವೇ ಇಲ್ಲವೆನ್ನುವುದಿಲ್ಲ. ಗೆಜ್ಜೆ ಕಟ್ಟಿಸಿ, ಭಾಗವತರ ಎದುರೇ ಕುಣಿಸುತ್ತಾರೆ. ಶಾಲೆಯಲ್ಲಿ ನಾವು ಮಕ್ಕಳನ್ನು ಐದು ವರ್ಷ ಪ್ರೇಕ್ಷಕರಾಗಿ ಕೂರಿಸಿ, ಆರನೆಯ ವರ್ಷ ಒಮ್ಮೆಲೇ ಕಿರೀಟ ಇಡುತ್ತೇವೆ.

ಇದೇ ಜಿಲ್ಲೆಯ ಕುಂದಾಪುರದ ಹಳ್ಳಿಗಳಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯತ್‌ಗಳು ನಡೆದವು. ದುಡಿಯುವ ಮಕ್ಕಳೂ ಸೇರಿ ತಮ್ಮ ಪ್ರತಿನಿಧಿಗಳನ್ನು ತಾವೇ ಆರಿಸಿ, ಪಂಚಾಯತಿನ ಹಿರಿಯರ ಎದುರು ಊರಿನ ತೊಂದರೆಗಳನ್ನು ಇಟ್ಟರು. 2006ರಲ್ಲಿ ರಾಜ್ಯದ ಗ್ರಾಮ ಪಂಚಾಯತ್‌ಗಳೆಲ್ಲ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸರಕಾರವೇ ಹೇಳಿತು. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿಯೂ ಮಗುವಿನ ಅಭಿಪ್ರಾಯಕ್ಕೆ ಅದರ ವಯಸ್ಸು, ಪ್ರಬುದ್ಧತೆಗೆ ತಕ್ಕ ಬೆಲೆ ಕೊಡಿ ಎನ್ನುತ್ತದೆ. ವಯಸ್ಸಿಗೆ ತಕ್ಕ ಬೆಲೆ ಎಂದರೆ ಚಿಕ್ಕವರನ್ನು ಕೇಳುವುದೇ ಬೇಡ ಎಂದು ಅರ್ಥವಲ್ಲವಷ್ಟೆ.

ನಾನು ಕೇಳುವುದು ಖರ್ಚಿನ ಕೆಲಸವಲ್ಲ. ಒಂದನೆಯ ತರಗತಿಯಿಂದಲೇ ಪ್ರತಿ ತರಗತಿಗೂ ಶಾಲಾ ಸಂಸತ್ತಿನಲ್ಲಿ ಒಂದು ಸ್ಥಾನವಿರಲಿ. ಚಿಕ್ಕ ತರಗತಿಗಳಲ್ಲಿ ಅದು ತಿಂಗಳಿಗೊಬ್ಬರಂತೆ ಸರದಿಯಲ್ಲಿ ಬರಲಿ. ಆಗ ಮಾತು ಬಲ್ಲವರಿಗೂ ಅಂಕ ಹೆಚ್ಚಿದ್ದವರಿಗೂ ಮಾತ್ರ ಅದು ದಕ್ಕುವುದು ತಪ್ಪುತ್ತದೆ. ಮಲ್ಪೆ ಬಂದರಿನಲ್ಲಿ, ಕಟ್ಟಡ ಕೆಲಸದಲ್ಲಿ ದುಡಿಯಲು ಉತ್ತರ ಕರ್ನಾಟಕದಿಂದ ಬಂದವರ ಮಕ್ಕಳು ನಮ್ಮ ಶಾಲೆಗಳಲ್ಲಿ ಇದ್ದಾರೆ. ಅವರ ಮಾತಿನ ಧಾಟಿಗೆ ಉಳಿದ ಮಕ್ಕಳು ನಗುತ್ತಾರೆ. ಮತ ಎಣಿಸಿ ಆರಿಸಿದರೆ ಆ ಮಗುವಿನ ಹೆಸರು ಮೇಲೆ ಬರುವುದು ಕಷ್ಟ. ಸರದಿ ಬಂದರೆ ಅದೂ ಎದ್ದು ನಿಲ್ಲುತ್ತದೆ. ನಾಯಕ ಹುಡುಗ, ಉಪನಾಯಕಿ ಹುಡುಗಿ ಎಂಬ ರೂಢಿಯೂ ಇಲ್ಲಿಗೆ ನಿಲ್ಲಲಿ.

ಎಲ್ಲಕ್ಕಿಂತ ಮುಖ್ಯವಾದ ಮಾತು: ಹುದ್ದೆಯ ಜೊತೆ ನಿಜವಾದ ಕೆಲಸವೂ ಇರಲಿ. ಕೈತೊಳೆಯುವ ನಲ್ಲಿ ಎಷ್ಟು ಎತ್ತರದಲ್ಲಿರಬೇಕು, ಆಟದ ಸಾಮಾನು ಯಾವ ದಿನ ಯಾರಿಗೆ, ಬಿಸಿಯೂಟದ ಸಾಲಿನಲ್ಲಿ ಯಾರು ಮೊದಲು ಎಂಬಂಥ ವಿಷಯಗಳಲ್ಲಿ ಮಕ್ಕಳನ್ನು ಕೇಳಿ ತೀರ್ಮಾನಿಸಲಿ. ಅವರು ಹೇಳಿದ್ದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಮುಂದಿನ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಉತ್ತರ ಕೊಡಲಿ. ಆಗದಿದ್ದರೆ ಏಕೆ ಆಗದು ಎಂದಾದರೂ ಹೇಳಲಿ. ತಾವು ಶಾಲೆಗೆ ಭೇಟಿ ಕೊಟ್ಟಾಗ ಹಾಜರಿ ಪುಸ್ತಕದ ಜೊತೆಗೆ ಆ ಪುಸ್ತಕವನ್ನೂ ತರಿಸಿ ನೋಡಿದರೆ ಅದು ಖಂಡಿತ ಉಳಿಯುತ್ತದೆ.

ನನ್ನ ಮಗಳು ಈ ಜೂನಿನಲ್ಲಿ ಆರನೆಯ ತರಗತಿಗೆ ಹೋಗುತ್ತಾಳೆ, ಅವಳ ಸರದಿ ಹೇಗೂ ಬಂತು. ಅವಳ ತಮ್ಮ ಒಂದನೆಯ ತರಗತಿಗೆ ಸೇರುತ್ತಿದ್ದಾನೆ. ಹೊಸ ಕೊಡೆ ತಂದಾಗಿದೆ, ಅಕ್ಕ ಅದಕ್ಕೆ ಕೆಂಪು ನೂಲು ಕಟ್ಟಿಟ್ಟಿದ್ದಾಳೆ. ಮೇ ತಿಂಗಳು ಮುಗಿಯುವುದರೊಳಗೆ ಸುತ್ತೋಲೆ ಶಾಲೆಗಳಿಗೆ ತಲುಪಲಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇತಿ,
ಇಬ್ಬರು ಮಕ್ಕಳ ತಾಯಿ,
ಉಡುಪಿ