ಗುಂಪಿನ ಸದಸ್ಯರ ಗಮನಕ್ಕೆ: ಭಾನುವಾರದ ಚರ್ಚೆ, ಹೆಲ್ಮ್‌ಹೋಲ್ಟ್ಸ್

ಮಾನ್ಯ ಸದಸ್ಯರೇ,

ಈ ಭಾನುವಾರದ ಚರ್ಚೆಗೆ ಜರ್ಮನಿಯ ವಿಜ್ಞಾನಿ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಅವರ ವೃತ್ತಿಜೀವನವನ್ನು ಆರಿಸಿಕೊಳ್ಳಲಾಗಿದೆ. ಭೌತವಿಜ್ಞಾನ ಓದುವ ಆಸೆಯಿದ್ದರೂ ಮನೆಯಲ್ಲಿ ಹಣದ ಅನುಕೂಲವಿರದ ಕಾರಣ, ಓದಿನ ವೆಚ್ಚವನ್ನು ಸರ್ಕಾರವೇ ಭರಿಸಿ ಪ್ರತಿಯಾಗಿ ಸೇನಾ ಸೇವೆಯ ಕರಾರು ಹಾಕುತ್ತಿದ್ದ ಬರ್ಲಿನ್ನಿನ ವೈದ್ಯಕೀಯ ಸಂಸ್ಥೆಯನ್ನು ಅವರು 1838ರಲ್ಲಿ ಸೇರಿದರು. 1843ರಿಂದ ಪಾಟ್ಸ್‌ಡ್ಯಾಮಿನಲ್ಲಿ ಸೇನಾ ವೈದ್ಯರಾಗಿದ್ದು, ಶಕ್ತಿಸಂರಕ್ಷಣೆಯ (ಶಕ್ತಿ ನಾಶವಾಗದೆ ರೂಪ ಮಾತ್ರ ಬದಲಿಸುತ್ತದೆ ಎಂಬ ತತ್ತ್ವದ) ಕುರಿತ 1847ರ ಪ್ರಬಂಧವನ್ನು ಆ ಕೆಲಸದ ನಡುವೆಯೇ ಬರೆದರು. ಅವಧಿ ತುಂಬುವ ಮೊದಲೇ, 1848ರಲ್ಲಿ, ಅವರಿಗೆ ಸೇನೆಯಿಂದ ಬಿಡುಗಡೆ ದೊರೆಯಿತು.

ಕಣ್ಣಿನೊಳಗನ್ನು ನೋಡುವ ಉಪಕರಣವನ್ನು ರೂಪಿಸಿದ ಅವರು ಕಣ್ಣಿನ ಶಸ್ತ್ರವೈದ್ಯರಾಗಿರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು. ಆದರೂ ನೇತ್ರವೈದ್ಯಕ್ಕೆ ಅವರಷ್ಟು ನೆರವಾದವರು ವಿರಳವೆಂದೇ ನನ್ನ ಎಣಿಕೆ. ಕಣ್ಣಿನೊಳಕ್ಕೆ ಹೋದ ಬೆಳಕು ಬಂದ ದಾರಿಯಲ್ಲೇ ಮರಳುವುದರಿಂದ, ಅದನ್ನು ನೋಡಲು ಹೋದವರ ತಲೆಯೇ ದೀಪಕ್ಕೆ ಅಡ್ಡವಾಗಿ ಪಾಪೆ ಕಪ್ಪಾಗಿ ಕಾಣುತ್ತದೆ. ಕ್ಯೋನಿಗ್ಸ್‌ಬರ್ಗಿನಲ್ಲಿ ಪ್ರಾಧ್ಯಾಪಕರಾಗಿದ್ದ ಅವರು ತೆಳುಗಾಜಿನ ಬಿಲ್ಲೆಗಳನ್ನು ಓರೆಯಾಗಿಟ್ಟು, ದೀಪದ ಬೆಳಕನ್ನು ಕಣ್ಣಿನೊಳಕ್ಕೆ ಪ್ರತಿಫಲಿಸಿ, ಅದೇ ಗಾಜಿನ ಮೂಲಕ ನೋಡಿ, ಜೀವಂತ ಮನುಷ್ಯನ ಅಕ್ಷಿಪಟಲವನ್ನು (ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪೊರೆಯನ್ನು) ಕಂಡರು. ಈ ನೇತ್ರದರ್ಶಕದ ವಿವರಣೆ 1851ರಲ್ಲಿ ಪ್ರಕಟವಾಯಿತು.

ಬಳಿಕ ಬಾನ್, ಹೈಡಲ್‌ಬರ್ಗ್‌ಗಳಲ್ಲಿ ಪಾಠ ಹೇಳಿ, 1871ರಲ್ಲಿ ಬರ್ಲಿನ್ನಿಗೆ ಭೌತವಿಜ್ಞಾನದ ಪ್ರಾಧ್ಯಾಪಕರಾಗಿ ಬಂದರು (ಹಳೆಯ ಆಸೆ ತಡವಾಗಿಯಾದರೂ ಕೈಗೂಡಿತು). 1877ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ರೆಕ್ಟರ್ (ಮುಖ್ಯಸ್ಥ) ಆದಾಗ, ಜರ್ಮನ್ ವಿಶ್ವವಿದ್ಯಾಲಯಗಳ ಶೈಕ್ಷಣಿಕ ಸ್ವಾತಂತ್ರ್ಯದ ಕುರಿತು ಅವರು ಮಾಡಿದ ಭಾಷಣದಿಂದಲೇ ನಮ್ಮ ಚರ್ಚೆಯನ್ನು ಆರಂಭಿಸೋಣ.