ಕ್ಯಾಮೆರಾ ಬದಲಿಸಲು ನನಗಿರುವುದು ಒಂದೇ ಕಾರಣ, ಸದ್ದು

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಕ್ಯಾಮೆರಾ ಲೇಖನ ಓದಿದೆ. ಎಂಟ್ರಿ ಲೆವೆಲ್ ಕ್ಯಾಮೆರಾ ಕೊಂಡು ಒಂದೆರಡು ವರ್ಷ ಆಗಿದ್ದರೆ ಫುಲ್ ಫ್ರೇಮ್‌ಗೆ, ಅಂದರೆ ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವ ಕ್ಯಾಮೆರಾಕ್ಕೆ, ಹೋಗುವುದೇ ಸರಿ ಎಂಬ ಧಾಟಿಯಲ್ಲಿ ಲೇಖನ ಮುಗಿಯುತ್ತದೆ. ಯಾರು, ಏನನ್ನು, ಯಾವ ಬೆಳಕಿನಲ್ಲಿ ತೆಗೆಯುತ್ತಾರೆ ಅಂತ ಕೇಳದೆ ಹೀಗೆ ಹೇಳಿಬಿಟ್ಟರೆ ಹೇಗೆ? ಇಂಥದ್ದನ್ನು ಓದಿ ಸಾಲ ಮಾಡುವವರಿದ್ದಾರೆ. ನಮ್ಮ ಆಫೀಸಿನಲ್ಲೇ ಒಬ್ಬರು ಆಗಲೇ ಇಎಂಐ ಲೆಕ್ಕ ಹಾಕುತ್ತಿದ್ದಾರೆ. ಅವರು ತೆಗೆಯುವುದು ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಹೂವು, ಅದೂ ಹಾಡಹಗಲಲ್ಲಿ.

ನಾನು ವಿಮಾ ಕಚೇರಿಯ ಗುಮಾಸ್ತೆ. ಸಂಜೆ ಹವ್ಯಾಸಿ ತಂಡಗಳ ನಾಟಕದ ಫೋಟೊ ತೆಗೆಯುತ್ತೇನೆ, ದುಡ್ಡಿಗಲ್ಲ. ಹನುಮಂತನಗರದ ಕೆ.ಎಚ್. ಕಲಾಸೌಧಕ್ಕೆ ನಮ್ಮ ಮನೆಯಿಂದ ನಡೆದೇ ಹೋಗಬಹುದು, ರವೀಂದ್ರ ಕಲಾಕ್ಷೇತ್ರಕ್ಕೂ ರಂಗಶಂಕರಕ್ಕೂ ಬಸ್ಸು ಹಿಡಿಯಬೇಕು. ನನ್ನ ಕೈಲಿರುವುದು ನಿಕಾನ್ ಡಿ3300. 2014ರಲ್ಲಿ ಮಾರುಕಟ್ಟೆಗೆ ಬಂದ, 24 ಮೆಗಾಪಿಕ್ಸೆಲ್‌ನ, ಅವರ ಪಟ್ಟಿಯಲ್ಲಿ ಕೊನೆಯ ಬೆಂಚಿನ ಮಾಡೆಲ್.

ನಾಟಕದಲ್ಲಿ ಫ್ಲ್ಯಾಶ್ ಹಾಕುವ ಹಾಗಿಲ್ಲ, ಹಾಕಲೂಬಾರದು. ಜೊತೆಗೆ ಬಂದ 18-55 ಲೆನ್ಸನ್ನು ಪೂರ್ತಿ ಎಳೆದರೆ ಅದರ ಬಾಯಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಈ ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು). ಆ ಬೆಳಕಿಗೆ ಐಎಸ್‌ಒ, ಅಂದರೆ ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆಯನ್ನು, 6400ಕ್ಕೆ ಏರಿಸಿದರೆ ನಟಿಯ ಕೆನ್ನೆಯ ಮೇಲೆ ರವೆ ಉದುರಿಸಿದಂತೆ ಕಾಣುತ್ತದೆ. ಆಗ ಸ್ನೇಹಿತರೆಲ್ಲ ಹೇಳಿದ್ದು ಒಂದೇ ಮಾತು, ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಬದಲಿಸು ಅಂತ. ನಾನು ಬದಲಿಸಿದ್ದು ಲೆನ್ಸ್. 50 ಎಂಎಂ ಎಫ್/1.8. ಎಫ್/5.6ಕ್ಕೆ ಹೋಲಿಸಿದರೆ ಇದು ಒಳಗೆ ಬಿಡುವ ಬೆಳಕು ಒಂಬತ್ತು ಪಟ್ಟಿಗೂ ಹೆಚ್ಚು. 6400 ಇಡುತ್ತಿದ್ದ ಕಡೆ ಈಗ 800 ಸಾಕು. ಫುಲ್ ಫ್ರೇಮ್ ಸೆನ್ಸರಿನ ವಿಸ್ತೀರ್ಣ ನನ್ನದಕ್ಕಿಂತ ಸುಮಾರು 2.3 ಪಟ್ಟು. ಅಂದರೆ ಅದೇ ಎಫ್/5.6 ಲೆನ್ಸ್ ಹಾಕಿಕೊಂಡು ಬಾಡಿ ಮಾತ್ರ ದೊಡ್ಡದು ಮಾಡಿದ್ದರೆ ಸಿಗುತ್ತಿದ್ದ ಲಾಭ ಒಂದು ಸ್ಟಾಪ್ (ಬೆಳಕು ಒಮ್ಮೆ ದುಪ್ಪಟ್ಟಾಗುವ ಅಳತೆ) ಚಿಲ್ಲರೆ. ಈ ಹೊಸ ಲೆನ್ಸಿನಲ್ಲಿ ಮೂರಕ್ಕೂ ಮೇಲೆ. ಖರ್ಚಿನ ವ್ಯತ್ಯಾಸ ನಾನು ಹೇಳಬೇಕಿಲ್ಲ.

ಕೊಳ್ಳುವವರಿಗೆ ಒಂದು ಮಾತು. ಈ 50ರಲ್ಲಿ ಹೆಸರಿನ ಕೊನೆಗೆ 'ಡಿ' ಇರುವುದೂ ಇದೆ, 'ಜಿ' ಇರುವುದೂ ಇದೆ. 'ಡಿ' ಅಗ್ಗ, ಅಂಗಡಿಯವರು ಅದನ್ನೇ ಮೊದಲು ಮುಂದಿಡುತ್ತಾರೆ. ಅದರೊಳಗೆ ಫೋಕಸ್ ಮಾಡುವ ಮೋಟರಿಲ್ಲ, ಡಿ3300ರ ಬಾಡಿಯಲ್ಲೂ ಇಲ್ಲ. ಫೋಕಸ್ ಕೈಯಲ್ಲೇ ತಿರುಗಿಸುತ್ತಾ ಕೂರಬೇಕು.

ಹಾಗಂತ, ಕ್ಯಾಮೆರಾದಲ್ಲಿ ಏನಿದೆ, ಎಲ್ಲ ಕಣ್ಣಲ್ಲಿದೆ ಅನ್ನುವ ಹಿರಿಯರ ಮಾತನ್ನೂ ನಾನು ಪೂರ್ತಿ ಒಪ್ಪುವವಳಲ್ಲ. ಹಾಗೆ ಹೇಳುವವರ ಕೊರಳಲ್ಲಿ ಸಾಮಾನ್ಯವಾಗಿ ದುಬಾರಿ ಕ್ಯಾಮೆರಾನೇ ನೇತಾಡುತ್ತಿರುತ್ತದೆ! ಸಣ್ಣ ಬಾಡಿಯ ತೊಂದರೆ ನಿಜವಾಗಿಯೂ ಇದೆ. ರಂಗದ ಹಿಂದೆ ಕಪ್ಪು ಪರದೆ ಇದ್ದರೆ ಕ್ಯಾಮೆರಾ ಅದಕ್ಕೆ ಮೋಸಹೋಗಿ ಮುಖವನ್ನು ಬಿಳಿಚಿಸಿಬಿಡುತ್ತದೆ, ಹಾಗಾಗಿ ಮ್ಯಾನುಯಲ್‌ನಲ್ಲೇ, ಅಂದರೆ ಬೆಳಕಿನ ಲೆಕ್ಕ ನಾವೇ ಹೊಂದಿಸಿ, ತೆಗೆಯಬೇಕು. ಡಿ3300ರಲ್ಲಿ ತಿರುಗಿಸುವ ಚಕ್ರ ಒಂದೇ. ಶಟರ್ ಸ್ಪೀಡಿಗೆ (ಬೆಳಕು ಒಳಬಿಡುವ ಹೊತ್ತು) ಅದನ್ನು ಹಾಗೇ ತಿರುಗಿಸಬಹುದು, ಅಪರ್ಚರ್ (ಲೆನ್ಸಿನ ಬಾಯಿ) ಬದಲಿಸಬೇಕಾದರೆ ಇನ್ನೊಂದು ಗುಂಡಿ ಒತ್ತಿ ಹಿಡಿದು ತಿರುಗಿಸಬೇಕು. ಲೈಟಿಂಗ್‌ನವರು ನೀಲಿಯಿಂದ ಕೆಂಪಿಗೆ ಬರುವಷ್ಟರಲ್ಲಿ ನನ್ನ ಬೆರಳು ಇನ್ನೂ ಗುಂಡಿ ಹುಡುಕುತ್ತಿರುತ್ತದೆ. 2015ರ ಡಿ7200ರಲ್ಲಿ ಎರಡು ಚಕ್ರ, ಫೋಕಸ್ ಬಿಂದು ನನ್ನ 11ರ ಬದಲು 51, ಬಾಡಿಯೊಳಗೇ ಮೋಟರು. ಮೆಗಾಪಿಕ್ಸೆಲ್ ಮಾತ್ರ ಅದೇ 24. ಸೆಕೆಂಡ್ ಹ್ಯಾಂಡ್ ಆದರೂ ಸರಿ ಎಂದು ಆಸೆಯಾದದ್ದುಂಟು. ತಡೆದದ್ದು ಸದ್ದು.

ಒಂದು ಚಿಕ್ಕ ರಂಗಮಂದಿರ. ವೇದಿಕೆಯ ಮೇಲೆ ತಾಯಿ ಪಾತ್ರದವರು ಮಗನ ಕಾಗದ ಕೈಯಲ್ಲಿ ಹಿಡಿದು ಮಾತಿಲ್ಲದೆ ನಿಂತಿದ್ದಾರೆ. ಎಸಿ ಸದ್ದು ಬಿಟ್ಟರೆ ಏನೂ ಇಲ್ಲ. ನಾನು ಒತ್ತಿದೆ, ಟಳಕ್. ಕ್ಯಾಮೆರಾದೊಳಗಿನ ಕನ್ನಡಿ ಮೇಲೇಳುವ, ಶಟರ್ ಓಡುವ, ಕನ್ನಡಿ ಮತ್ತೆ ಕೆಳಗೆ ಬೀಳುವ ಸದ್ದು ಅದು. ಮುಂದಿನ ಸಾಲಿನ ಅಜ್ಜ ತಿರುಗಿ, 'ಏನಮ್ಮಾ, ನಾಟಕ ನೋಡಕ್ಕೆ ಬಿಡ್ತೀರೋ ಇಲ್ವೋ?' ಅಂದರು. ಪಾಪ, ಅವರು ಟಿಕೆಟ್ ಕೊಂಡು ಬಂದವರು. ಮೆನುವಿನಲ್ಲಿ 'ಕ್ವಯಟ್' ಎಂಬ ವಿಧಾನವೇನೋ ಇದೆ. ಅದು ಕನ್ನಡಿ ಕೆಳಗಿಳಿಯುವುದನ್ನು ಮುಂದೂಡುತ್ತದೆ ಅಷ್ಟೆ, ಒಂದು ಟಳಕ್ ಎರಡು ಅರ್ಧ ಟಳಕ್ ಆಗುತ್ತದೆ. ಡಿ7200ಕ್ಕೂ ಕನ್ನಡಿ ಇದ್ದೇ ಇದೆ.

ಕನ್ನಡಿಯೇ ಇಲ್ಲದ ಮಿರರ್‌ಲೆಸ್‌ನಲ್ಲಿ ಎಲೆಕ್ಟ್ರಾನಿಕ್ ಶಟರ್ ಇಟ್ಟರೆ ಸದ್ದೇ ಬರುವುದಿಲ್ಲ. ಬಾಡಿ ಬದಲಿಸಲು ನನಗೆ ಒಪ್ಪಿಗೆಯಾದ ಕಾರಣ ಇದೊಂದೇ. ಕೊಳ್ಳುವ ಮುಂಚೆ ಒಂದನ್ನು ಬಾಡಿಗೆಗೆ ತಂದೆ. ಬೆಂಗಳೂರಿನಲ್ಲಿ ಆಧಾರ್ ಪ್ರತಿ, ಡೆಪಾಸಿಟ್ ಕೊಟ್ಟರೆ ದಿನದ ಲೆಕ್ಕದಲ್ಲಿ ಕೊಡುವವರು ಬೇಕಾದಷ್ಟಿದ್ದಾರೆ. ನಿಮ್ಮ ಲೇಖನದಲ್ಲಿ ಈ ದಾರಿಯ ಸುದ್ದಿಯೇ ಇಲ್ಲ. ಅಂದು ನನ್ನ ಕ್ಯಾಮೆರಾ ಸದ್ದೇ ಮಾಡಲಿಲ್ಲ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಅರ್ಧಕ್ಕರ್ಧ ಚಿತ್ರಗಳಲ್ಲಿ ಉದ್ದಕ್ಕೂ ಅಡ್ಡಪಟ್ಟಿಗಳು, ಜಮಖಾನದ ಥರ. ಈಗ ಹೆಚ್ಚಿನ ಕಡೆ ರಂಗದ ದೀಪಗಳು ಎಲ್‌ಇಡಿ. ಮಂದ ಮಾಡಿದಾಗ ಅವು ಕಣ್ಣಿಗೆ ಕಾಣದಷ್ಟು ಬೇಗ ಹತ್ತಿ ಆರುತ್ತಿರುತ್ತವೆ. ಎಲೆಕ್ಟ್ರಾನಿಕ್ ಶಟರ್ ಇಡೀ ಸೆನ್ಸರನ್ನು ಒಮ್ಮೆಗೇ ಓದದೆ ಸಾಲು ಸಾಲಾಗಿ ಓದುತ್ತದೆ. ದೀಪ ಆರಿದ ಗಳಿಗೆಯಲ್ಲಿ ಓದಿದ ಸಾಲು ಕಪ್ಪು. ಸರಸರನೆ ಓದುವ ಸೆನ್ಸರ್ ಇರುವವುಗಳಲ್ಲಿ ಇದು ಕಡಿಮೆ, ಆದರೆ ಅವು ನನ್ನ ಸಂಬಳದ ಅಳವಿನಲ್ಲಿಲ್ಲ. ಶಟರ್ ಸ್ಪೀಡ್ ಇಳಿಸಿದರೆ ಪಟ್ಟಿ ತೆಳುವಾಗುತ್ತದೆ, ನಟನ ಕೈ ಮಸುಕಾಗುತ್ತದೆ.

ಹಾಗಾಗಿ ಸದ್ಯಕ್ಕೆ ಡಿ3300 ನನ್ನ ಬಳಿಯೇ ಇರುತ್ತದೆ. ಪ್ರದರ್ಶನದ ಹೊತ್ತಿನಲ್ಲಿ ಚಪ್ಪಾಳೆ, ಹಾಡು, ಜಗಳದ ದೃಶ್ಯ ಬಂದಾಗ ಮಾತ್ರ ಒತ್ತುತ್ತೇನೆ. ನಮ್ಮ ರಂಗತಂಡಗಳಿಗೆ ನಿಮ್ಮ ಪತ್ರಿಕೆಯ ಮೂಲಕ ಒಂದು ಕೋರಿಕೆ. ಜಿ.ಆರ್. (ಗ್ರ್ಯಾಂಡ್ ರಿಹರ್ಸಲ್) ದಿನ ವೇಷ, ಲೈಟಿಂಗ್ ಎಲ್ಲ ಸೇರಿಸಿ ನಾಟಕ ಓಡಿಸುವಾಗ ಫೋಟೊದವರನ್ನು ಕರೆಯಿರಿ. ಹಾಲ್ ಸಿಗುವುದೇ ಒಂದು ದಿನ, ಲೈಟ್ ಕಟ್ಟಿ ಮುಗಿಯುವಷ್ಟರಲ್ಲಿ ಪ್ರೇಕ್ಷಕರು ಗೇಟಿನ ಹತ್ತಿರ ಇರುತ್ತಾರೆ, ಗೊತ್ತಿದೆ. ಇಡೀ ನಾಟಕ ಬೇಡ, ಮುಖ್ಯವಾದ ನಾಲ್ಕೈದು ದೃಶ್ಯಗಳಿಗೆ ಅರ್ಧ ಗಂಟೆ ಕೊಟ್ಟರೆ ಸಾಕು. ಆಗ ಯಾವ ಕ್ಯಾಮೆರಾ ಎಷ್ಟು ಸದ್ದು ಮಾಡಿದರೂ ಯಾರೂ ತಿರುಗಿ ನೋಡುವುದಿಲ್ಲ.

– ಒಬ್ಬ ಓದುಗಿ, ಹನುಮಂತನಗರ, ಬೆಂಗಳೂರು