ರಕ್‌ಮನ್ ಆದ ಸೋದರಳಿಯನಿಗೆ

ಚಿರಂಜೀವಿ ಸುಮಂತನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇತ್ತ ಪರ್ತ್‌ನಲ್ಲಿ ನಾನೂ ನಿನ್ನ ಅತ್ತೆಯೂ ಕ್ಷೇಮವಾಗಿದ್ದೇವೆ.

ನೀನು ಕಳಿಸಿದ ವಿಡಿಯೋ ನೋಡಿದೆ. ಹಾಸನದ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿಕೊಂಡಿದ್ದವನನ್ನು ಜೀಲಾಂಗ್ ಹುಡುಗರು ಎತ್ತರ ನೋಡಿಯೇ ಎಳೆದುಕೊಂಡು ಹೋಗಿ ರಕ್‌ಗೆ, ಅಂದರೆ ಅಂಪೈರ್ ಚಿಮ್ಮಿಸಿದ ಚೆಂಡಿಗೆ ಎದುರಾಳಿಯ ಜೊತೆ ಹಾರುವ ಜಾಗಕ್ಕೆ, ನಿಲ್ಲಿಸಿದ್ದಾರೆ. ಓದಲಿಕ್ಕೆ ಅಂತ ಹೋದವನು ಫೂಟಿ ಅನ್ನುವ ಈ ಆಸ್ಟ್ರೇಲಿಯಾ ಫುಟ್‌ಬಾಲ್ ಆಡಿಕೊಂಡಿದ್ದಾನೆ ಅಂತ ನಿನ್ನಮ್ಮ ಗೊಣಗುತ್ತಾಳೆ. ನಾನು ಗೊಣಗುವುದಿಲ್ಲ, ಆಡು. ಆದರೆ ಮೊನ್ನೆ ಫೋನಿನಲ್ಲಿ ನೀನು ಆಡಿದ ಎರಡು ಮಾತು ನನ್ನನ್ನು ಬಿಡುತ್ತಿಲ್ಲ. "ಮಾವ, ಎಗರಿ ಎಗರಿ ಚೆಂಡು ತಟ್ಟೋನು ನಾನು, ಗೋಲ್ ಹೊಡೆದು ಹೆಸರು ಮಾಡೋರು ಅವರು" ಅಂದೆ. ಆಮೇಲೆ, ಹೋದ ಶನಿವಾರ ಯಾರದೋ ಮೊಣಕೈ ತಲೆಗೆ ತಗುಲಿ ಕಣ್ಣು ಕತ್ತಲೆ ಬಂತು, ಕೋಚ್‌ಗೆ ಹೇಳಲಿಲ್ಲ, ಕೊನೆತನಕ ಆಡಿಬಿಟ್ಟೆ ಅಂತ ನಗುತ್ತಾ ಹೇಳಿದೆ. ನನಗೆ ನಗು ಬರಲಿಲ್ಲ. ಆದರೂ ಮೊದಲ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಎರಡಕ್ಕೂ ಉತ್ತರ ಒಬ್ಬನ ಬದುಕಿನಲ್ಲೇ ಇದೆ. ಗ್ರಹಾಂ 'ಪಾಲಿ' ಫಾರ್ಮರ್, ನಿನ್ನ ಹಾಗೇ ರಕ್‌ಮನ್. ಹುಟ್ಟಿದ್ದು ನನ್ನ ಕಡೆಯ ಫ್ರೀಮ್ಯಾಂಟಲ್‌ನಲ್ಲಿ, ದೊಡ್ಡ ಹೆಸರು ಮಾಡಿದ್ದು ನಿನ್ನ ಜೀಲಾಂಗ್‌ನಲ್ಲಿ.

ಆತ ಆಡಿದ್ದನ್ನು ನಾನು ಕಣ್ಣಾರೆ ಕಂಡವನಲ್ಲ. ನಾನು ಈ ದೇಶಕ್ಕೆ ಬರುವಷ್ಟರಲ್ಲಿ ಆತ ಬೂಟು ಕಳಚಿ ಎಷ್ಟೋ ವರ್ಷವಾಗಿತ್ತು. ನನಗೆ ಆತನ ಹುಚ್ಚು ಹತ್ತಿಸಿದವರು ಮಿಡ್‌ಲ್ಯಾಂಡ್‌ನ ರೈಲ್ವೆ ವರ್ಕ್‌ಶಾಪಿನಲ್ಲಿ ನನ್ನ ಪಕ್ಕದ ಲೇತ್ ನೋಡಿಕೊಳ್ಳುತ್ತಿದ್ದ ಒಬ್ಬ ಹಿರಿಯರು. ಹುಡುಗನಾಗಿದ್ದಾಗ ಶನಿವಾರ ಶನಿವಾರ ಪರ್ತ್ ಓವಲ್‌ಗೆ ಹೋಗಿ ಈಸ್ಟ್ ಪರ್ತ್ ತಂಡದ ಆಟ ನೋಡಿದವರು. ಊಟದ ಬಿಡುವಿನಲ್ಲಿ ಎಣ್ಣೆ ಒರೆಸುವ ಕಾಟನ್ ವೇಸ್ಟನ್ನು ಉಂಡೆ ಕಟ್ಟಿ ಎಡ ಅಂಗೈ ಮೇಲಿಟ್ಟು ಬಲ ಮುಷ್ಟಿಯಿಂದ ಗುದ್ದುತ್ತಿದ್ದರು. ಅದು ಎರಡು ಬೆಂಚು ದಾಟಿ ಬಂದು ನನ್ನ ಚಿತ್ರಾನ್ನದ ಡಬ್ಬಿಯ ಮುಚ್ಚಳಕ್ಕೆ ಟಪ್ ಅಂತ ಬಡಿಯುತ್ತಿತ್ತು. "ಪಾಲಿ ಆಗಿದ್ದರೆ ಮುಚ್ಚಳ ತೆಗೆದು ಹಾಕ್ತಿದ್ದ" ಅನ್ನುತ್ತಿದ್ದರು. ಅಂಥ ಅಭಿಮಾನ.

ಫಾರ್ಮರ್ ಹುಟ್ಟಿದ್ದು 1935ರ ಮಾರ್ಚ್‌ನಲ್ಲಿ, ನೂಂಗಾರ್ ಮೂಲನಿವಾಸಿ ಬಳಗದಲ್ಲಿ. ಬೆಳೆದದ್ದು ಅನಾಥಾಲಯದಲ್ಲಿ, ಪರ್ತ್‌ನ ಕ್ವೀನ್ಸ್ ಪಾರ್ಕ್‌ನಲ್ಲಿದ್ದ ಸಿಸ್ಟರ್ ಕೇಟ್ಸ್ ಹೋಮ್‌ನಲ್ಲಿ. ಆ ಕಾಲದಲ್ಲಿ ಸರ್ಕಾರವೇ ಮೈಬಣ್ಣ ನೋಡಿ ಮೂಲನಿವಾಸಿ ಮಕ್ಕಳನ್ನು ವಿಂಗಡಿಸಿ ಇಂಥ ಹೋಮ್‌ಗಳಿಗೆ ಕಳಿಸುತ್ತಿತ್ತು. ಆ ಅನ್ಯಾಯದ ಬಗ್ಗೆ ಬರೆಯಲು ಹೋದರೆ ಬೇರೆಯದೇ ಪತ್ರವಾದೀತು. ಚಿಕ್ಕಂದಿನಲ್ಲೇ ಪೋಲಿಯೋ ಬಂದು ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಯಿತು. ಗಿಳಿಯ ಹಾಗೆ ವಟವಟ ಅನ್ನುತ್ತಿದ್ದುದಕ್ಕೆ ಹೋಮ್‌ನಲ್ಲಿ ಪಾಲಿ ಅಂತ ಹೆಸರಿಟ್ಟರು. ಬೆಳೆದ ಮೇಲೆ ಮಾತು ಕಡಿಮೆಯಾಯಿತಂತೆ, ಹೆಸರು ಹಾಗೇ ಉಳಿಯಿತು.

ಇಂಥ ಕಾಲಿಟ್ಟುಕೊಂಡು ಆ ಹುಡುಗ ಆರಿಸಿಕೊಂಡದ್ದು ರಕ್. ಹಾರುವುದೇ ಕೆಲಸ! ಎತ್ತರವೂ ಅಸಾಧ್ಯ ಎನ್ನುವಷ್ಟೇನಲ್ಲ, 191 ಸೆಂಟಿಮೀಟರ್. ಈಗಿನ ರಕ್‌ಮನ್‌ಗಳಲ್ಲಿ ಅನೇಕರು 2 ಮೀಟರ್ ದಾಟಿದವರು, ಅವರ ಪಕ್ಕ ನಿಲ್ಲಿಸಿದರೆ ಸಣ್ಣವನಾಗಿ ಕಾಣುತ್ತಿದ್ದ. ಹಾಗಾದರೆ ಗೆದ್ದದ್ದು ಹೇಗೆ? ಇದನ್ನು ಸ್ವಲ್ಪ ಗಮನ ಕೊಟ್ಟು ಓದು.

ಅಂಪೈರ್ ಚೆಂಡನ್ನು ನೆಲಕ್ಕೆ ಅಪ್ಪಳಿಸುತ್ತಿದ್ದ. ಅದು ಪುಟಿದು ಮೇಲೇರುವಾಗ ಎರಡೂ ಕಡೆಯ ಎತ್ತರದವರು ಹಾರಿ ತಮ್ಮ ರೋವರ್, ಅಂದರೆ ಕೆಳಗೆ ಚೆಂಡು ಹಿಡಿದು ಓಡುವ ಚುರುಕಿನ ಆಟಗಾರ, ಇರುವ ಕಡೆಗೆ ಬೀಸಿ ಹೊಡೆಯುವುದು ವಾಡಿಕೆ. ಹೊಡೆದ ಮೇಲೆ ಚೆಂಡು ಎಲ್ಲಿ ಬಿತ್ತೋ ಅಲ್ಲಿ ಗುದ್ದಾಟ. ಫಾರ್ಮರ್ ಎದುರಾಳಿಗಿಂತ ಒಂದು ಗಳಿಗೆ ಮೊದಲೇ ನೆಲ ಬಿಡುತ್ತಿದ್ದ. ಮೊದಲು ಮೇಲೇರಿದವನಿಗೆ ಎದುರಾಳಿಯ ಮೈಯೇ ಆಸರೆ, ತಡವಾಗಿ ಬಂದವನ ಮೇಲೆ ಒರಗಿಕೊಂಡು ಗಾಳಿಯಲ್ಲಿ ಇನ್ನಷ್ಟು ಹೊತ್ತು ನಿಲ್ಲುತ್ತಿದ್ದ. ಅಲ್ಲೇ ಮೈ ತಿರುಗಿಸುತ್ತಿದ್ದ. ಎಷ್ಟೋ ಸಲ ಚೆಂಡನ್ನು ತಟ್ಟುತ್ತಲೇ ಇರಲಿಲ್ಲ, ಹಿಡಿದುಬಿಡುತ್ತಿದ್ದ. ಹಿಡಿದು ಕಾಲು ನೆಲ ಮುಟ್ಟುವಷ್ಟರಲ್ಲಿ ಒಂದು ಕೈಯಲ್ಲಿಟ್ಟು ಇನ್ನೊಂದು ಮುಷ್ಟಿಯಿಂದ ಗುದ್ದಿದರೆ ಓಡುತ್ತಿರುವ ಜೊತೆಗಾರನ ಎದೆಮಟ್ಟಕ್ಕೆ, ಅವನು ವೇಗ ತಗ್ಗಿಸದ ಹಾಗೆ ಹೋಗುತ್ತಿತ್ತು. ಪಂಕ್ತಿಯಲ್ಲಿ ಬಡಿಸುವವನು ಯಾರ ಎಲೆ ಬರಿದಾಗಿದೆ ಅಂತ ಬಗ್ಗುವ ಮೊದಲೇ ನೋಡಿಕೊಂಡಿರುತ್ತಾನಲ್ಲ, ಹಾಗೆ ಈತ ಹಾರುವ ಮೊದಲೇ ಯಾರು ಎಲ್ಲಿಂದ ಓಡಿಬರುತ್ತಿದ್ದಾರೆ ಅಂತ ನೋಡಿಕೊಂಡಿರುತ್ತಿದ್ದ.

ಆವರೆಗೆ ಹೀಗೆ ಮುಷ್ಟಿಯಿಂದ ಗುದ್ದಿ ಚೆಂಡು ಕೊಡುವ ಹ್ಯಾಂಡ್‌ಬಾಲ್ ಅಂದರೆ ಒದೆಯಲು ಜಾಗ ಸಿಗದೆ ಸಿಕ್ಕಿಹಾಕಿಕೊಂಡವನ ಕೊನೆಯ ದಾರಿ. ಅದನ್ನು ಆಕ್ರಮಣದ ಮೊದಲ ಹೆಜ್ಜೆ ಮಾಡಿದವನು ಫಾರ್ಮರ್. ಅದು ತಾನಾಗಿ ಬಂದ ವರವಲ್ಲ ಕಣೋ. ಕಾರು ಮಾರುವ ಯಾರ್ಡಿನಲ್ಲಿ ಕೆಲಸಕ್ಕಿದ್ದಾಗ ಗಾಜು ಇಳಿಸಿ ನಿಲ್ಲಿಸಿದ ಕಾರುಗಳ ಕಿಟಕಿಯೊಳಗೆ ಚೆಂಡು ಗುದ್ದಿ ಗುದ್ದಿ ಗುರಿ ಕಲಿತವನು. ಕಿಟಕಿಯ ಅಗಲ ನೀನೇ ನೋಡಿದ್ದೀಯ. ಫೂಟಿ ಚೆಂಡು ಮೊಟ್ಟೆಯಾಕಾರದ್ದು, ಸ್ವಲ್ಪ ಓರೆಯಾಗಿ ತಗುಲಿದರೂ ಬಾಗಿಲಿಗೆ ಬಡಿದು ವಾಪಸ್ ಬರುತ್ತದೆ. ಯಾರೂ ಚಪ್ಪಾಳೆ ತಟ್ಟದ ಜಾಗದಲ್ಲಿ, ಕೆಲಸದ ನಡುವೆ ಮಾಡಿದ ಅಭ್ಯಾಸ ಅದು. ನಿಮ್ಮ ತಂಡದ ಅಭ್ಯಾಸ ವಾರಕ್ಕೆ ಎರಡು ಸಂಜೆ ಅಂದೆ. ಉಳಿದ ಸಂಜೆಗಳಲ್ಲಿ ಏನು ಮಾಡುತ್ತೀಯ ಅಂತ ಕೇಳೋಣ ಅನ್ನಿಸಿತ್ತು, ಪರೀಕ್ಷೆ ಹತ್ತಿರ ಇದೆ ಅಂತ ಸುಮ್ಮನಾದೆ.

ಈಸ್ಟ್ ಪರ್ತ್‌ಗೆ 1953ರಿಂದ 1961ರವರೆಗೆ ಆಡಿ ಮೂರು ಸಲ ಪ್ರೀಮಿಯರ್‌ಶಿಪ್, ಅಂದರೆ ಲೀಗಿನ ಕಪ್, ಗೆಲ್ಲಿಸಿದ. ಇಲ್ಲಿನ ಲೀಗಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಸ್ಯಾಂಡೋವರ್ ಪದಕ 1956ರಲ್ಲಿ, 1960ರಲ್ಲಿ ಬಂತು. 1957ರಲ್ಲಿ ಮತಗಳು ಸಮಸಮ ಬಂದು, ಲೆಕ್ಕದ ನಿಯಮದಲ್ಲಿ ಪದಕ ಇನ್ನೊಬ್ಬರ ಪಾಲಾಯಿತು. ಆ ವರ್ಷದ ಪದಕವನ್ನು ಆತನಿಗೂ ಕೊಟ್ಟದ್ದು 1997ರಲ್ಲಿ, 40 ವರ್ಷದ ಮೇಲೆ! 1962ರಲ್ಲಿ ಜೀಲಾಂಗ್‌ಗೆ ಬಂದ. ಮೊದಲ ಪಂದ್ಯದಲ್ಲೇ ಮಂಡಿ ಹೋಗಿ ಆ ವರ್ಷದ ಬಹುಪಾಲು ಪಂದ್ಯ ತಪ್ಪಿತು. ದೂರದೂರಿಂದ ಅಷ್ಟು ಹೆಸರು ಹೊತ್ತು ಬಂದವನು ಬಂದ ದಿನವೇ ಕೂರಬೇಕಾಯಿತು ಅಂದರೆ ಆ ಊರಿನ ಜನ ಏನೇನು ಅಂದಿರಬಹುದು, ನೀನೇ ಯೋಚಿಸು.

ಮರುವರ್ಷ ಜೀಲಾಂಗ್ ಕಪ್ ಗೆದ್ದಿತು. ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್‌ನಲ್ಲಿ ಲಕ್ಷಕ್ಕೂ ಮೀರಿದ ಜನರ ಮುಂದೆ ಹಾಥಾರ್ನ್ ತಂಡವನ್ನು 49 ಪಾಯಿಂಟ್‌ಗಳಿಂದ ಸೋಲಿಸಿತು. ಈಗ ನಿನ್ನ ದೂರಿಗೆ ಬರುತ್ತೇನೆ. ಆ ತಂಡದ ರೋವರ್ ಬಿಲಿ ಗಾಗಿನ್. ಫಾರ್ಮರ್ ಮೇಲಿನಿಂದ ಕೊಡುವುದು, ಗಾಗಿನ್ ಕೆಳಗಿನಿಂದ ಓಡುವುದು, ಜೀಲಾಂಗ್‌ನ ಹಳಬರು ಈಗಲೂ ಈ ಎರಡು ಹೆಸರನ್ನು ಒಟ್ಟಿಗೇ ಹೇಳುತ್ತಾರೆ. ನಿನ್ನ ಕ್ಲಬ್‌ನ ಪೆವಿಲಿಯನ್‌ನಲ್ಲಿ ಬಿಯರ್ ಹಿಡಿದು ಕೂತಿರುವ ಯಾವ ತಾತನನ್ನಾದರೂ ಕೇಳು, ಅರ್ಧ ಗಂಟೆ ಎದ್ದೇಳಲು ಬಿಡುವುದಿಲ್ಲ. 1996ರಲ್ಲಿ ದೇಶದ ದೊಡ್ಡ ಲೀಗ್ ಶತಮಾನದ ತಂಡ ಆರಿಸಿದಾಗ ರಕ್ ಸ್ಥಾನಕ್ಕೆ ಬರೆದದ್ದು ಫಾರ್ಮರ್ ಹೆಸರನ್ನು. ಕಾರ್ಲ್ಟನ್‌ನ ಜಾನ್ ನಿಕೋಲ್ಸ್, ಆನೆಯಂಥ ಬಲದವನು, ಫಾರ್ಮರ್ ಎದುರು ವರ್ಷಗಟ್ಟಲೆ ಸೆಣಸಿದವನು, ಅವನಿಗೂ ತಂಡದಲ್ಲಿ ಜಾಗ ಸಿಕ್ಕಿತು, ಆದರೆ ಬ್ಯಾಕ್ ಪಾಕೆಟ್‌ನಲ್ಲಿ, ಅಂದರೆ ಗೋಲ್ ಕಾಯುವ ಮೂಲೆಯಲ್ಲಿ. ಹೆಸರು ಗೋಲ್ ಹೊಡೆದವರಿಗೇ ಬರುತ್ತದೆ ಅನ್ನುವ ನಿನ್ನ ಲೆಕ್ಕ ಎಲ್ಲಿಂದ ಬಂತೋ ನನಗೆ ತಿಳಿಯದು.

1965ರಿಂದ ಮೂರು ವರ್ಷ ಜೀಲಾಂಗ್ ನಾಯಕನೂ ಆತನೇ. 1967ರ ಮೇ ತಿಂಗಳಲ್ಲಿ ಮೂಲನಿವಾಸಿಗಳನ್ನೂ ದೇಶದ ಜನಗಣತಿಯ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕೇ ಅಂತ ಆಸ್ಟ್ರೇಲಿಯಾ ಓಟು ಹಾಕಿ ಹೌದು ಅಂದಿತು. ಅದೇ ವರ್ಷ ಗ್ರ್ಯಾಂಡ್ ಫೈನಲ್‌ಗೆ ಜೀಲಾಂಗ್ ತಂಡವನ್ನು ಮೈದಾನಕ್ಕೆ ಕರೆತಂದ ನಾಯಕ ಒಬ್ಬ ನೂಂಗಾರ್. ರಿಚ್ಮಂಡ್ ಎದುರು 9 ಪಾಯಿಂಟ್‌ಗಳಿಂದ ಸೋತರು. ಆಮೇಲೆ ಪರ್ತ್‌ಗೆ ವಾಪಸ್ ಬಂದು ವೆಸ್ಟ್ ಪರ್ತ್‌ಗೆ ನಾಯಕನೂ ಕೋಚೂ ಆಗಿ 1969ರಲ್ಲಿ, 1971ರಲ್ಲಿ ಕಪ್ ಗೆಲ್ಲಿಸಿದ, ಎರಡು ಸಲವೂ ತನ್ನ ಹಳೇ ಈಸ್ಟ್ ಪರ್ತ್ ವಿರುದ್ಧ. ನನ್ನ ವರ್ಕ್‌ಶಾಪಿನ ಹಿರಿಯರು ಈ ಭಾಗ ಬಂದಾಗ ಮಾತ್ರ ಮಾತು ಬದಲಿಸುತ್ತಿದ್ದರು. ಮೂರು ಕ್ಲಬ್ ಸೇರಿ 356 ಪಂದ್ಯ. ಇಲ್ಲಿ ಊರ ನಡುವಿನ ಹೆದ್ದಾರಿಗೆ ಆತನದೇ ಹೆಸರು, ಅದರ ಸುರಂಗಕ್ಕೆ ಜನ ಪಾಲಿ ಪೈಪ್ ಅನ್ನುತ್ತಾರೆ. ಬಂದಾಗ ಕರೆದುಕೊಂಡು ಹೋಗುತ್ತೇನೆ, ನೋಡಲು ಏನೂ ಇಲ್ಲ, ಟ್ರಾಫಿಕ್ ಅಷ್ಟೇ.

ಇಷ್ಟೂ ಹೇಳಿದ್ದು ಆತನನ್ನು ನೋಡಿ ಕಲಿ ಅಂತ. ಇನ್ನು ಕಲಿಯಬಾರದ್ದು.

356 ಪಂದ್ಯವೆಂದರೆ ಪ್ರತಿ ಪಂದ್ಯದಲ್ಲೂ ಹತ್ತಾರು ಸಲ ಇನ್ನೊಬ್ಬ ದೈತ್ಯನಿಗೆ ಡಿಕ್ಕಿ ಹೊಡೆಯುವುದು. ಮಂಡಿ, ಮೊಣಕೈ, ಭುಜ, ತಲೆ. ಆ ಕಾಲದಲ್ಲಿ ತಲೆ ಪೆಟ್ಟನ್ನು ಯಾರೂ ಲೆಕ್ಕ ಇಡುತ್ತಿರಲಿಲ್ಲ, ಎದ್ದು ನಿಂತರೆ ಆಟಗಾರ. ಕೊನೆಗಾಲದಲ್ಲಿ ಫಾರ್ಮರ್‌ಗೆ ಮರೆವಿನ ಕಾಯಿಲೆ ಬಂತು. 2019ರ ಆಗಸ್ಟ್‌ನಲ್ಲಿ, 84ನೇ ವಯಸ್ಸಿನಲ್ಲಿ ತೀರಿಕೊಂಡಾಗ ರಾಜ್ಯ ಸರ್ಕಾರ ಸಕಲ ಗೌರವದ ಅಂತ್ಯಕ್ರಿಯೆ ಮಾಡಿತು. ಆತನ ಮಿದುಳನ್ನು ಪರೀಕ್ಷೆಗೆ ಕೊಡಲಾಯಿತು. 2020ರಲ್ಲಿ ಫಲಿತಾಂಶ ಹೊರಬಂತು: ಸಿ.ಟಿ.ಇ. ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟಿನಿಂದ ಮಿದುಳು ವರ್ಷಗಟ್ಟಲೆ ಒಳಗೊಳಗೇ ಕೆಡುವ ರೋಗ. ಬದುಕಿರುವಾಗ ಖಚಿತವಾಗಿ ಪತ್ತೆ ಮಾಡಲಾಗದು, ವಾಸಿಯಾಗದು. ಈ ಆಟದ ಆಟಗಾರರಲ್ಲಿ ಆ ರೋಗ ಇತ್ತೆಂದು ದೃಢಪಟ್ಟ ಮೊದಲನೆಯವನು ಆತ. ವಯಸ್ಸಾದವರ ಕಾಯಿಲೆ ಬಿಡಿ ಮಾವ ಅನ್ನುತ್ತೀಯೇನೋ. ಮಹಿಳಾ ಲೀಗ್‌ನಲ್ಲಿ ಆಡಿದ್ದ ಹೆದರ್ ಆಂಡರ್ಸನ್ ಅನ್ನುವ ಹುಡುಗಿ ಸತ್ತಾಗ ಅವಳ ವಯಸ್ಸು 28. ಅವಳ ಮಿದುಳಲ್ಲೂ ಅದೇ ಸಿಕ್ಕಿತು.

ಪೆಟ್ಟು ತಿಂದರೂ ಬಾಯಿ ಬಿಡದೆ ಆಡುವುದನ್ನು ಗಂಡಸುತನ ಅಂತ ನಿನಗೆ ಹೇಳಿಕೊಟ್ಟವರು ಯಾರೇ ಇರಲಿ, ಅವರ ಮಾತು ಕೇಳಬೇಡ. ಫಾರ್ಮರ್ ಕಾಲದವರಿಗೆ ಗೊತ್ತಿರಲಿಲ್ಲ, ನಿನಗೆ ಗೊತ್ತಿದೆ. ನಿಮ್ಮಂಥ ಊರ ಕ್ಲಬ್‌ಗಳಿಗೆ ಲೀಗಿನ ನಿಯಮವೇ ಇದೆ, ತಲೆಗೆ ಪೆಟ್ಟಾಗಿ ಕನ್ಕಷನ್, ಅಂದರೆ ಮಿದುಳು ಅಲುಗಿದೆ, ಅಂತಾದರೆ ಕನಿಷ್ಠ 21 ದಿನ ಪಂದ್ಯಕ್ಕೆ ಇಳಿಯುವಂತಿಲ್ಲ, ಡಾಕ್ಟರ್ ಸರಿ ಅನ್ನದೆ ಇಳಿಯುವಂತೇ ಇಲ್ಲ. ಮೂರು ವಾರ ಕೂತರೆ ಜಾಗ ಇನ್ನೊಬ್ಬನ ಪಾಲಾಗುತ್ತದೆ ಅನ್ನುವ ಭಯ ನಿನಗೆ, ಅದು ನನಗೆ ಅರ್ಥವಾಗುತ್ತದೆ. ಆಗಲಿ ಬಿಡು. ಆ ಮೂರು ವಾರ ಓದಿಕೊ.

ಈ ಪತ್ರ ಕೈಸೇರಿದ ದಿನವೇ ಡಾಕ್ಟರ್ ಹತ್ತಿರ ಹೋಗು. ಈಗಲೂ ತಲೆನೋವು ಬರುತ್ತಿದೆಯೇ, ಬೆಳಕು ಕಂಡರೆ ಕಣ್ಣು ಚುಚ್ಚುತ್ತದೆಯೇ, ಓದಿದ್ದು ತಲೆಗೆ ಹತ್ತದೆ ಜಾರುತ್ತದೆಯೇ, ಒಂದನ್ನೂ ಮುಚ್ಚಿಡದೆ ಹೇಳು. ಆಮೇಲೆ ಕೋಚ್‌ಗೆ ಹೇಳು, ಬೈದರೆ ಬೈಸಿಕೊ. ನಿನ್ನಮ್ಮನಿಗೆ ನಾನಿನ್ನೂ ಹೇಳಿಲ್ಲ. ಭಾನುವಾರದ ತನಕ ಕಾಯುತ್ತೇನೆ, ಅಷ್ಟರಲ್ಲಿ ನೀನೇ ಹೇಳಿದರೆ ಒಳ್ಳೆಯದು, ಇಲ್ಲದಿದ್ದರೆ ನಾನು ಹೇಳುವವನೇ. ಡಾಕ್ಟರ್ ಕೊಟ್ಟ ಚೀಟಿಯ ಫೋಟೋ ತೆಗೆದು ನನಗೆ ಕಳಿಸು. ನಿನ್ನ ಅತ್ತೆ ಹುರಿಗಾಳೂ ಚಟ್ನಿಪುಡಿಯೂ ಪಾರ್ಸೆಲ್ ಮಾಡಿದ್ದಾಳೆ, ಬುಧವಾರ ಸಿಗಬಹುದು.

ಇಂತಿ ನಿನ್ನ ಮಾವ